ಅಜ್ಜಿಯ ಬೀಟೆ ಬೀರುವಿಗೆ ಬಿಳಿ ಬಣ್ಣ ಹಚ್ಚಬಹುದಾ? (ಶ್ಯಾಬಿ ಶಿಕ್ ಆಸೆ, ಅಮ್ಮನ ಕೋಪ)

ಹಳೇಬೀರು
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದಿದ್ದೇವೆ. ನನಗೆ ಶ್ಯಾಬಿ ಶಿಕ್ ಅಂದ್ರೆ ಮೊದಲಿಂದಲೂ ಇಷ್ಟ. ಅಂಚಲ್ಲಿ ಬಣ್ಣ ಸವೆದ ಬಿಳಿ ಕಪಾಟು, ಮಾಸಿದ ಗುಲಾಬಿ ಹೂವಿನ ಬಟ್ಟೆ, ಒಗೆದು ಒಗೆದು ಮೆತ್ತಗಾದ ಹತ್ತಿ ಕವರ್ ಹಾಕಿದ ಸೋಫಾ, ಒಂದಕ್ಕೊಂದು ಜೋಡಿಯಲ್ಲದ ಕುರ್ಚಿಗಳು, ಆ ಥರ.

ತೀರ್ಥಹಳ್ಳಿ ಕಡೆ ಅಜ್ಜಿ ಮನೆ ಪಾಲಾದಾಗ ನಮ್ಮ ಪಾಲಿಗೆ ಒಂದು ಬೀರು ಬಂತು. ಐದೂವರೆ ಅಡಿ ಎತ್ತರ, ಎರಡು ಬಾಗಿಲು, ಕೆಳಗೆ ಒಂದು ಡ್ರಾಯರು. ಬೀಟೆ ಮರ ಅಂತ ಅಜ್ಜಿ ಹೇಳ್ತಿದ್ರು. ಕಪ್ಪಗೆ, ಹಾಲ್‌ನಲ್ಲಿ ಎಮ್ಮೆ ಬಂದು ನಿಂತ ಹಾಗೆ ಕಾಣುತ್ತೆ. ಇದಕ್ಕೆ ಚಾಕ್ ಪೇಂಟ್ (ಸೀಮೆಸುಣ್ಣದ ಹಾಗೆ ಹೊಳಪಿಲ್ಲದ ಬಣ್ಣ) ಹಚ್ಚಿ, ಅಂಚುಗಳನ್ನ ಉಜ್ಜಿ ಸವೆಸಬೇಕು ಅಂತ ಆಸೆ. ಅಮ್ಮನಿಗೆ ಫೋನಲ್ಲಿ ಹೇಳಿದೆ. "ಬೀಟೆಗೆ ಸುಣ್ಣ ಬಳೀತೀಯಾ? ಹಾಗಿದ್ರೆ ವಾಪಸ್ ಕಳಿಸು" ಅಂತ ಹೇಳಿ ಫೋನ್ ಇಟ್ಟರು. ಯಾರಾದ್ರೂ ಮಾಡಿದೀರಾ? ಏನೇನು ಸಾಮಾನು ಬೇಕು?

ಸುಮ್ನೆ_ಓದುಗ
ಅಮ್ಮ ಹೇಳಿದ್ದು ಸರಿ. ಚರ್ಚೆ ಮುಗೀತು.

ಮೊದಲ_ಮಹಡಿ
ದುಡ್ಡು ಕೊಟ್ಟು ಮನೆ ಹಳೇದಾಗಿ ಕಾಣೋ ಹಾಗೆ ಮಾಡಿಸೋ ಕಾಲ ಬಂತು ನೋಡಿ. ನಮ್ಮ ಮನೇಲಿ ಗೋಡೆ ಬಣ್ಣ ತಾನಾಗೇ ಉದುರ್ತಿದೆ, ಕುರ್ಚಿ ನಾಲ್ಕೂ ಬೇರೆ ಬೇರೆ, ಸೋಫಾ ಮೇಲೆ ಹಳೇ ಬೆಡ್‌ಶೀಟು. ಬಂದು ಫೋಟೋ ತಕ್ಕೊಂಡು ಹೋಗಿ, ಕಾಫಿ ನಾನೇ ಕೊಡ್ತೀನಿ.

ಉಳಿ_ಸುತ್ತಿಗೆ
ಮೇಡಂ, ನಮ್ಮಪ್ಪ ಬಡಗಿ. ಶಿವಮೊಗ್ಗದಲ್ಲಿ ನಲವತ್ತು ವರ್ಷ ಇದೇ ಕೆಲಸ. ನಾನು ಆ ಕೆಲಸಕ್ಕೆ ಹೋಗಲಿಲ್ಲ, ಆದ್ರೆ ರಜೆಯಲ್ಲೆಲ್ಲ ಉಪ್ಪು ಕಾಗದ ಹಿಡಿದು ಉಜ್ಜಿದವನು. ಅದಕ್ಕೇ ಕೇಳ್ತಿದೀನಿ, ಮೊದಲು ಅದು ಬೀಟೆ ಹೌದಾ ಅಂತ ನೋಡಿದೀರಾ? ಮಲೆನಾಡಲ್ಲಿ ಹಳೇ ಕಪ್ಪು ಮರ ಅಂದ್ರೆ ಎಲ್ಲರೂ ಬೀಟೆ ಅಂದುಬಿಡ್ತಾರೆ. ಹಲಸಿನ ಮರ ಕೂಡ ಐವತ್ತು ವರ್ಷ ಅಡುಗೆಮನೆ ಹೊಗೆ ಕುಡಿದು, ಪಾಲಿಷ್ ಮೇಲೆ ಪಾಲಿಷ್ ಬಿದ್ದು ಕಪ್ಪಾಗಿರುತ್ತೆ.

ಡ್ರಾಯರ್ ಪೂರ್ತಿ ಹೊರಗೆ ಎಳೀರಿ. ಯಾರಿಗೂ ಕಾಣದ ಕಡೆ ಬ್ಲೇಡಿನಿಂದ ಉಗುರಿನಷ್ಟು ಜಾಗ ಕೆರೀರಿ. ಒಳಗೆ ಹಳದಿ ಬಂದ್ರೆ ಹಲಸು. ಹೊಂಬಣ್ಣದ ಕಂದು ಇದ್ದು, ಮುಟ್ಟಿದರೆ ಎಣ್ಣೆ ಜಿಡ್ಡಿನ ಹಾಗೆ ಇದ್ರೆ ತೇಗ. ನೇರಳೆ ಕಂದು, ಮಧ್ಯೆ ಕಪ್ಪು ಗೆರೆ, ಜೊತೆಗೆ ಒಂದು ಸಿಹಿ ವಾಸನೆ ಬಂದ್ರೆ ಬೀಟೆ. ಬೀಟೆ ಆದ್ರೆ ದಯವಿಟ್ಟು ಬಣ್ಣದ ಡಬ್ಬಿ ದೂರ ಇಡಿ.

ಜಯನಗರದ_ಜಾಜಿ
ಯಾಕೆ ಹೀಗೆ ಹೆದರಿಸ್ತೀರಿ? ಅವರ ಬೀರು, ಅವರ ಮನೆ. ಮೂಲೆಯಲ್ಲಿ ಗೋಣಿಚೀಲ ಮುಚ್ಕೊಂಡು ಬಿದ್ದಿರೋ ಬೀಟೆಗಿಂತ ದಿನಾ ಬಳಸೋ ಬಿಳಿ ಬೀರು ಮೇಲು. ನಾನು ಅತ್ತೆಯ ತೇಗದ ಡ್ರೆಸ್ಸಿಂಗ್ ಟೇಬಲ್‌ಗೆ ಹಚ್ಚಿದೀನಿ, ನಾಲ್ಕು ವರ್ಷ ಆಯ್ತು. ಅತ್ತೆ ಈಗ ಅದರ ಮುಂದೇನೇ ಕೂತು ತಲೆ ಬಾಚ್ಕೋತಾರೆ.

ಮನೇಲೇ ಮಾಡ್ಕೊಳ್ಳೋ ಚಾಕ್ ಪೇಂಟ್ ಲೆಕ್ಕ ಇದು. ಒಂದು ಲೋಟ ಮ್ಯಾಟ್ ಎಮಲ್ಷನ್, ಲೋಟದ ಮೂರನೇ ಒಂದು ಭಾಗ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಷ್ಟೇ ನೀರು. ಮೊದಲು ಪುಡಿಯನ್ನ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಣ್ಣಕ್ಕೆ ಹಾಕಿ. ನೇರ ಬಣ್ಣಕ್ಕೇ ಸುರಿದ್ರೆ ಗಂಟು ಗಂಟಾಗುತ್ತೆ. ಜಾಸ್ತಿ ಕಲಸಿ ಇಡಬೇಡಿ, ಗಟ್ಟಿಯಾಗಿ ಹೋಗುತ್ತೆ. ನಾನು ಅರ್ಧ ಬಕೆಟ್ ಕಲಸಿಟ್ಟು ಊಟಕ್ಕೆ ಹೋಗಿ ಬಂದೆ. ಬಕೆಟ್, ಬ್ರಶ್ಶು ಎರಡೂ ವಿಗ್ರಹ ಆಗಿದ್ದವು.

ಸುಮ್ನೆ_ಓದುಗ
ಅದು ಶ್ಯಾಬಿ ಚಿಕ್ ಅಲ್ವಾ? ನಾನು ಇಷ್ಟು ದಿನ ಚಿಕ್ ಅಂತಾನೇ ಓದ್ತಿದ್ದೆ.

ಮೊದಲ_ಮಹಡಿ
ನಾನು ಕೋಳಿ ಅಂಗಡಿ ಅಂದ್ಕೊಂಡಿದ್ದೆ.

ನ್ಯೂಜೆರ್ಸಿ_ಬಿಸಿಬೇಳೆ
ಶಿಕ್. ಫ್ರೆಂಚ್ ಪದ. ಫ್ರಾನ್ಸಿನ ಹಳ್ಳಿಮನೆಗಳಿಂದ ಬಂದ ಶೈಲಿ ಅದು. ಇಲ್ಲಿ ಗರಾಜ್ ಸೇಲ್‌ಗಳಲ್ಲಿ ಇಂಥ ಬಿಳಿ ಕಪಾಟುಗಳು ರಾಶಿ ರಾಶಿ. ಹತ್ತು ವರ್ಷದ ಹಿಂದೆ ಬಣ್ಣ ಹಚ್ಚಿದವರೇ ಈಗ ಕೆರೆದು ತೆಗೀತಿದಾರೆ. ಹಳೇಬೀರು ಅವರೇ, ಬೇಡ ಅಂದ್ರೆ ನಿಮ್ಮ ಬೀಟೆ ಬೀರು ನನಗೆ ಕಳಿಸಿ, ಶಿಪ್ಪಿಂಗ್ ನಾನು ಕೊಡ್ತೀನಿ!

ಹಳೇ_ಪೇಪರ್
ಸ್ವಲ್ಪ ತಿದ್ದುಪಡಿ. ಶಿಕ್ ಫ್ರೆಂಚ್ ಪದ, ಅದು ಸರಿ. ಆದ್ರೆ ಈ ಹೆಸರನ್ನ ಊರೆಲ್ಲ ಹಬ್ಬಿಸಿದ್ದು ರೇಚೆಲ್ ಆಶ್‌ವೆಲ್ ಅನ್ನೋ ಇಂಗ್ಲೆಂಡ್ ಮೂಲದ ಹೆಂಗಸು. 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಅಂಗಡಿ ತೆರೆದು, ಅದಕ್ಕೆ ಶ್ಯಾಬಿ ಶಿಕ್ ಅಂತಾನೇ ಹೆಸರಿಟ್ಟರು. ಸಂತೆಯಲ್ಲಿ ಸಿಕ್ಕ ಹಳೇ ಪೀಠೋಪಕರಣ, ಒಗೆಯೋಕೆ ಬರೋ ಸೋಫಾ ಕವರು, ಇದೇ ಅವರ ಬಂಡವಾಳ. ಮಕ್ಕಳಿರೋ ಮನೇಲಿ ಕವರ್ ಬಿಚ್ಚಿ ಒಗೀಬೇಕು, ಅಷ್ಟೇ ಸರಳ ಲೆಕ್ಕ. ಚಾಕ್ ಪೇಂಟ್ ಅನ್ನೋದು ಬೇರೆ ಕಥೆ. ಅದನ್ನ 1990ರಲ್ಲಿ ಇಂಗ್ಲೆಂಡಿನ ಆನಿ ಸ್ಲೋನ್ ಮಾಡಿದ್ದು.

ಆಮೇಲೆ ಶಿಪ್ಪಿಂಗ್ ವಿಷಯ. ಬೀಟೆ ಸುಮ್ನೆ ಕಳಿಸೋಕಾಗಲ್ಲ ಸ್ವಾಮಿ. 2017ರಿಂದ ಆ ಜಾತಿಯ ಮರಗಳೆಲ್ಲ ಸೈಟಿಸ್ ಪಟ್ಟಿಯಲ್ಲಿವೆ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ ಅದು). ಇಡೀ ಬೀರು ದೇಶ ದಾಟಬೇಕಾದ್ರೆ ಕಾಗದ ಪತ್ರ ಬೇಕು.

ನ್ಯೂಜೆರ್ಸಿ_ಬಿಸಿಬೇಳೆ
ತಮಾಷೆಗೆ ಹೇಳಿದ್ದು ಮಾರಾಯ್ರೆ.

ಕಡಲೂರಿನವಳು
ಉಡುಪಿಯಿಂದ. ಯಾರೂ ಮಳೆಗಾಲದ ಮಾತೇ ಎತ್ತಲಿಲ್ಲ! ವೀಡಿಯೊದಲ್ಲೆಲ್ಲ ಕೊನೆಗೆ ಮೇಣ ಹಚ್ಚಿ ಬಟ್ಟೇಲಿ ಉಜ್ಜಿ ಅಂತಾರೆ. ನಾನು ಹಾಗೇ ಮಾಡಿದೆ, ಏಪ್ರಿಲ್‌ನಲ್ಲಿ. ಕೈಯಾಡಿಸಿದ್ರೆ ಮೊಟ್ಟೆಯ ಸಿಪ್ಪೆ ಮುಟ್ಟಿದ ಹಾಗೆ ಇತ್ತು, ಏನು ಚಂದ. ಜುಲೈಗೆ ಹಿಂಬದಿಯಿಂದ ಹಸಿರು ಬೂಷ್ಟು ಶುರುವಾಯ್ತು, ಆಗಸ್ಟಿಗೆ ಬಾಗಿಲ ಮೇಲೂ ಬಂತು. ಬಿಳಿ ಮೇಲೆ ಹಸಿರು ಚುಕ್ಕೆ. ನೆಂಟರು ಇದೂ ಡಿಸೈನಾ ಅಂತ ಕೇಳಿದರು.

ಮೇಣ ಪೂರ್ತಿ ತೆಗೆಯೋಕೆ ಟರ್ಪೆಂಟೈನ್ ಹಾಕಿ ಮೂರು ದಿನ ಉಜ್ಜಿದೆ. ಈಗ ವಾಟರ್ ಬೇಸ್ಡ್ ಮ್ಯಾಟ್ ವಾರ್ನಿಷ್ ಎರಡು ಕೋಟ್ ಇದೆ. ಎಣ್ಣೆಯದ್ದು ತಗೋಬೇಡಿ, ಬಿಳಿ ಬಣ್ಣ ಹಳದಿಗೆ ತಿರುಗುತ್ತೆ. ಬೀರುವನ್ನ ಗೋಡೆಯಿಂದ ಒಂದು ಗೇಣು ಈಚೆ ಇಡಿ. ಬೆಂಗಳೂರಲ್ಲಿ ಇಷ್ಟೆಲ್ಲ ತೊಂದರೆ ಆಗ್ಲಿಕ್ಕಿಲ್ಲ, ನಿಮಗೆ ಧೂಳೇ ಶತ್ರು.

ಹಳೇಬೀರು
ಇಷ್ಟೊಂದು ಉತ್ತರ! ಧನ್ಯವಾದ. ಡ್ರಾಯರ್ ಎಳೆದು ನೋಡಿದೆ. ಉಳಿ_ಸುತ್ತಿಗೆ ಅವರೇ, ತಲೆ ಕೆಟ್ಟೋಯ್ತು. ಬಾಗಿಲು ಮತ್ತು ಚೌಕಟ್ಟು ಕೆರೆದರೆ ನೇರಳೆ ಕಂದು, ಕಪ್ಪು ಗೆರೆ. ಎರಡು ಪಕ್ಕದ ಹಲಗೆ, ಹಿಂದಿನದು, ಎಲ್ಲಾ ಹಳದಿ! ಡ್ರಾಯರಿನ ತಳ ಎರಡೂ ಅಲ್ಲ, ಟೀ ಪೆಟ್ಟಿಗೆಯ ಪ್ಲೈವುಡ್ಡು. ಒಳಮುಖದಲ್ಲಿ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ, ಒಂದು ನಂಬರ್ ಕಾಣ್ತಿದೆ. ಇಷ್ಟು ವರ್ಷ ಅದರ ಮೇಲೆ ಅಜ್ಜಿಯ ರೇಷ್ಮೆ ಸೀರೆ ಮಲಗಿದ್ವು.

ಇನ್ನೊಂದು ತಪ್ಪೊಪ್ಪಿಗೆ. ತಡೆಯೋಕಾಗದೆ ಬಲಬಾಗಿಲಿನ ಒಳಮೈಗೆ, ಮೂಲೆಯಲ್ಲಿ, ಅಂಗೈ ಅಗಲ ಬಣ್ಣ ಹಚ್ಚಿದೆ. ಮೊದಲ ಕೋಟ್ ಚೆನ್ನಾಗಿತ್ತು. ಎರಡನೇ ಕೋಟ್ ಹಚ್ಚಿ ಬೆಳಿಗ್ಗೆ ಎದ್ದು ನೋಡಿದರೆ ಬಿಳಿ ಮೇಲೆ ಯಾರೋ ಎಲೆ ಅಡಿಕೆ ಉಗುಳಿದ ಹಾಗೆ ಕೆಂಪು ಕಲೆ. ಮತ್ತೆ ಹಚ್ಚಿದೆ, ಮತ್ತೆ ಬಂತು. ಇದೇನು?

ಮೊದಲ_ಮಹಡಿ
ಅಜ್ಜಿಯ ಶಾಪ.

ಉಳಿ_ಸುತ್ತಿಗೆ
ಶಾಪ ಅಲ್ಲ, ಮರದ ಬಣ್ಣ. ಬೀಟೆ, ತೇಗ, ಮಹಾಗನಿ, ಇವುಗಳಲ್ಲಿ ಇರೋ ಬಣ್ಣ, ಒಗರು ಎಲ್ಲ ನೀರಿನ ಪೇಂಟಿಗೆ ಕರಗಿ ಮೇಲೆ ಬರುತ್ತೆ. ಹತ್ತು ಕೋಟ್ ಹಚ್ಚಿದ್ರೂ ಬರುತ್ತೆ. ತಡೆಯೋಕೆ ಅರಗು ಬೇಕು. ಚಪಡ ಅಂತಾರಲ್ಲ, ಸ್ಪಿರಿಟ್‌ನಲ್ಲಿ ನೆನೆಸಿ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಬಣ್ಣ ಹಚ್ಚಬೇಕು.

ನೋಡಿ, ತಮಾಷೆ ಏನಂದ್ರೆ ನಿಮ್ಮ ಬೀರು ಮೇಲೆ ಈಗಾಗಲೇ ಇರೋದೂ ಅದೇ. ಫ್ರೆಂಚ್ ಪಾಲಿಷ್ ಅಂದ್ರೆ ಚಪಡ ಮತ್ತು ಸ್ಪಿರಿಟ್ಟೇ. ನೀವು ಬಣ್ಣ ಹಿಡೀಲಿ ಅಂತ ಅದನ್ನ ಉಜ್ಜಿ ತೆಗೆದಿರ್ತೀರಿ, ಅಲ್ವಾ?

ಮಿಶ್ರ ಮರ ಆಶ್ಚರ್ಯ ಏನಲ್ಲ. ಕಾಣೋ ಕಡೆ ಬೀಟೆ, ಕಾಣದ ಕಡೆ ಹಲಸು. ನಮ್ಮಪ್ಪನೂ ಹಾಗೇ ಮಾಡ್ತಿದ್ರು. ಮೋಸ ಅಂತ ಯಾರೂ ಅಂದ್ಕೋತಿರಲಿಲ್ಲ, ಮನೆಯವರೇ ಮರ ಕೊಡ್ತಿದ್ದಿದ್ದು, ಎಷ್ಟಿತ್ತೋ ಅಷ್ಟರಲ್ಲಿ ಆಗಬೇಕು.

ಹಳೇಬೀರು
ಹೌದು, ಉಜ್ಜಿದ್ದೆ. ಅದೂ ಅರ್ಧ ಗಂಟೆ. 😑

ಧಾರವಾಡ_ಪೇಡೆ
ಬೀರು ಬಿಡ್ರಿ, ಬಟ್ಟಿ ಬಗ್ಗೆ ಯಾರೂ ಮಾತಾಡವಲ್ರಿ. ಮಾಸಿದ ಹೂವಿನ ಬಟ್ಟೆ ಬೇಕಂದ್ರ ನಮ್ಮ ಕಡೆ ಕೌದಿ ಅದ. ಹಳೇ ಸೀರಿ, ಹಳೇ ಧೋತರ, ಒಂದರ ಮ್ಯಾಲೊಂದು ಹಾಸಿ, ಸಣ್ಣ ಹೊಲಿಗಿ ಹಾಕಿ ಹೊಲಿದದ್ದು. ನಮ್ಮವ್ವ ಹೊಲಿದ ಕೌದಿಯಾಗ ನನ್ನ ಅಂಗನವಾಡಿ ಫ್ರಾಕು ಅದ, ಎಡಗಡೆ ಮೂಲಿಯೊಳಗ, ಕೆಂಪು ಚುಕ್ಕಿದು. ಸೋಫಾ ಮ್ಯಾಲ ಹಾಕಿ ನೋಡ್ರಿ, ನಿಮ್ಮ ಶಿಕ್ ತಾನs ಬರ್ತದ.

ಜಯನಗರದ_ಜಾಜಿ
ಕೌದಿ ಐಡಿಯಾ ಸೂಪರ್. ಸೋಫಾ ಕವರಿಗೆ ಕೋರಾ ಬಟ್ಟೆ ಸಾಕು, ದುಬಾರಿ ಲಿನನ್ ಬೇಡ. ಆದ್ರೆ ಟೈಲರ್‌ಗೆ ಕೊಡೋ ಮುಂಚೆ ಎರಡು ಸಲ ಬಿಸಿನೀರಲ್ಲಿ ಒಗೀರಿ. ನಾನು ಒಗೀದೆ ಕೊಟ್ಟೆ. ಮೊದಲ ವಾಶ್ ಆದ್ಮೇಲೆ ಕವರು ನಮ್ಮ ಸೋಫಾಗೆ ಚಡ್ಡಿ ಹಾಕಿದ ಹಾಗೆ ಆಯ್ತು.

ಹಳೇ_ಪೇಪರ್
ಹೂವಿನ ಬಟ್ಟೆ ಅಂದ್ರಿ, ಅದಕ್ಕೆ ಒಂದು ಮಾತು ಹೇಳಲೇಬೇಕು. ಈ ಶೈಲಿಯವರು ಪ್ರಾಣ ಬಿಡೋ ಚಿಂಟ್ಸ್ ಬಟ್ಟೆ ಇದೆಯಲ್ಲ, ಅದು ಇಲ್ಲಿಂದಲೇ ಹೋದದ್ದು. ಪದ ಕೂಡ ಇಲ್ಲಿಯದೇ, ಹಿಂದಿಯ ಛೀಂಟ್ ಅಂದ್ರೆ ಚುಕ್ಕೆ, ಸಿಂಪಡಿಕೆ. ನಮ್ಮಜ್ಜಿಯರು ಚೀಟಿ ಬಟ್ಟೆ ಅಂತಿದ್ದದ್ದೂ ಅದೇ. ಹದಿನೇಳನೇ ಶತಮಾನದಲ್ಲಿ ಕೋರಮಂಡಲ ಕರಾವಳಿಯಿಂದ ಹಡಗು ತುಂಬಿ ಯುರೋಪಿಗೆ ಹೋಗ್ತಿತ್ತು. ಒಗೆದರೂ ಬಣ್ಣ ಬಿಡದ ಹತ್ತಿ ಬಟ್ಟೆ, ಅಲ್ಲಿಯ ಜನ ಮುಗಿಬಿದ್ದರು. ಅಲ್ಲಿಯ ನೇಕಾರರ ಹೊಟ್ಟೆಗೆ ಪೆಟ್ಟು ಬಿತ್ತು. ಫ್ರಾನ್ಸ್ 1686ರಲ್ಲಿ ನಿಷೇಧ ಹಾಕಿ 1759ರವರೆಗೆ ತೆಗೀಲಿಲ್ಲ. ಇಂಗ್ಲೆಂಡ್ ಕೂಡ 1700ರಲ್ಲಿ, 1721ರಲ್ಲಿ ಕಾನೂನು ಮಾಡಿತು. ಆಮೇಲೆ ತಾವೇ ಮಿಲ್ಲಿನಲ್ಲಿ ಅಚ್ಚು ಹಾಕೋದು ಕಲಿತರು. ಈಗ ಅದನ್ನೇ ನಾವು ಇಂಗ್ಲಿಷ್ ಗುಲಾಬಿ ಅಂತ ಆನ್‌ಲೈನಲ್ಲಿ ತರಿಸ್ಕೋತೀವಿ.

ಸುಮ್ನೆ_ಓದುಗ
ಬೀರುವಿನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಗೋಕೆ ಹದಿನೇಳೇ ಕಮೆಂಟು.

ಧಾರವಾಡ_ಪೇಡೆ
ಚೀಟಿ ಬಟ್ಟೆ ಅಂದ್ರ ನಮ್ಮ ಕಡೆ ಸಸ್ತಾ ಸೀರಿ ಅಂತ ಲೆಕ್ಕ. ಮದುವಿ ಮನಿಗೆ ಉಟ್ಟು ಹೋದ್ರ ಮಾತಾಡ್ತಿದ್ರು. ಅದs ಈಗ ಸೋಫಾಕ್ಕ!

ಮೊದಲ_ಮಹಡಿ
ಸಾಮಾನು ಎಲ್ಲಿ ಸಿಗುತ್ತೆ ಅಂತ ಯಾರಾದ್ರೂ ಹೇಳ್ರಪ್ಪ. (ಹೌದು, ನನಗೂ ಆಸೆ ಬಂತು. ನಗಬೇಡಿ.)

ಜಯನಗರದ_ಜಾಜಿ
😂 ಭಾನುವಾರ ಬೆಳಿಗ್ಗೆ ಸಂಡೇ ಬಜಾರ್, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ. ಏಳಕ್ಕೆಲ್ಲ ಅಲ್ಲಿರಬೇಕು, ಹತ್ತಕ್ಕೆ ಹೋದ್ರೆ ಚಾರ್ಜರ್ ವೈರು, ಒಂಟಿ ಶೂ ಮಾತ್ರ ಸಿಗೋದು. ಒಂದು ಕುರ್ಚಿಗೆ 1,500 ಹೇಳಿದ, ನಾನು 400 ಅಂದೆ, 600ಕ್ಕೆ ಕೊಟ್ಟ. ಮನೆಗೆ ತಂದ್ಮೇಲೆ ಗೊತ್ತಾಯ್ತು, ಒಂದು ಕಾಲು ಕುಟ್ಟೆ ಹುಳ ತಿಂದಿದೆ. ಅದಕ್ಕೇ ಹೇಳ್ತೀನಿ, ಕುರ್ಚಿ ತಿರುಗಿಸಿ ಕಾಲು ನೆಲಕ್ಕೆ ಕುಟ್ಟಿ ನೋಡಿ. ಸಣ್ಣ ತೂತಿಂದ ಹಿಟ್ಟಿನ ಥರ ಪುಡಿ ಉದುರಿದ್ರೆ ಅಲ್ಲೇ ಬಿಟ್ಟು ಬನ್ನಿ. ಒಂದು ಹುಳ ಬಿದ್ದ ಕುರ್ಚಿ ಮನೆಗೆ ತಂದ್ರೆ ಪಕ್ಕದ ಕಿಟಕಿ ಚೌಕಟ್ಟಿಗೂ ಹೋಗುತ್ತೆ.

ದೊಡ್ಡ ಸಾಮಾನು ಬೇಕು ಅಂದ್ರೆ ತಮಿಳುನಾಡಿನ ಕಾರೈಕುಡಿ. ಚೆಟ್ಟಿಯಾರ್ ಮನೆಗಳ ಹಳೇ ಬಾಗಿಲು, ಕಂಬ, ಎನಾಮೆಲ್ ಡಬ್ಬ ಎಲ್ಲಾ ಅಲ್ಲಿ ಸಾಲು ಅಂಗಡಿಗಳಲ್ಲಿ ಬಿದ್ದಿರುತ್ತೆ.

ಮೊದಲ_ಮಹಡಿ
ನಾನು ಈಗಾಗಲೇ ಒಂದು ಹಳೇ ಹಸಿರು ಕಿಟಕಿ ತಂದಿಟ್ಟಿದೀನಿ, ಗುಜರಿಯಿಂದ. ಬಣ್ಣ ಪದರ ಪದರ ಎದ್ದಿದೆ. ಕನ್ನಡಿ ಹಾಕಿಸೋಣ ಅಂತ. ಉಜ್ಜಿ ನುಣ್ಣಗೆ ಮಾಡಲಾ, ಹಾಗೇ ಬಿಡಲಾ?

ರಸಾಯನ_ಮೇಷ್ಟ್ರು
ಉಜ್ಜಬೇಡಿ!! ಸುಮ್ನೆ ಓದ್ತಾ ಇದ್ದೆ, ಇದಕ್ಕೆ ಬರೀಲೇಬೇಕಾಯ್ತು. ಹಳೇ ಎನಾಮೆಲ್ ಬಣ್ಣದಲ್ಲಿ ಸೀಸ ಇರೋ ಸಂಭವ ಜಾಸ್ತಿ. ನಮ್ಮಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮಿತಿ ಬಂದಿದ್ದೇ 2016ರ ನಿಯಮದಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅಮೆರಿಕದಲ್ಲಿ 1978ರಲ್ಲೇ ನಿಲ್ಲಿಸಿದ್ದರು. ನಿಮ್ಮ ಕಿಟಕಿ ಖಂಡಿತ 2017ಕ್ಕಿಂತ ಹಳೇದು.

ಒಣಗಿದ್ದನ್ನ ಉಜ್ಜಿದ್ರೆ ಧೂಳು ಗಾಳಿಗೆ ಹೋಗುತ್ತೆ, ನೆಲಕ್ಕೆ ಬೀಳುತ್ತೆ, ಅಂಬೆಗಾಲಿಡೋ ಮಗು ಕೈ ಬಾಯಿಗೆ ಹಾಕುತ್ತೆ. ಮಕ್ಕಳ ಮೆದುಳಿಗೆ ಸೀಸ ವಿಷ. ಮನೇಲಿ ಮಕ್ಕಳು, ಬಸುರಿ ಇದ್ರೆ ಆ ಕಿಟಕಿ ಒಳಗೇ ತರಬೇಡಿ. ಇಲ್ಲಾಂದ್ರೆ ಹೊರಗಿಟ್ಟು, ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡೇ ಕೆರೀಬೇಕು. ಕೆರೆದದ್ದನ್ನ ಗುಡಿಸಬೇಡಿ, ಒದ್ದೆ ಬಟ್ಟೇಲಿ ಒರೆಸಿ ಎತ್ತಿ. ಪದರ ಎದ್ದಿರೋ ಬಣ್ಣ ಫೋಟೋದಲ್ಲಿ ಚಂದ, ಮನೇಲಿ ಅಲ್ಲ. ಹಳೇಬೀರು ಅವರದ್ದು ಪಾಲಿಷ್, ಪೇಂಟ್ ಅಲ್ಲ. ಅವರಿಗೆ ಈ ಭಯ ಇಲ್ಲ.

ಮೊದಲ_ಮಹಡಿ
ಮನೇಲಿ ಮೂರು ವರ್ಷದ ಮಗ ಇದಾನೆ. ಕಿಟಕಿ ಈಗಷ್ಟೇ ಟೆರೇಸಿಗೆ ಹೋಯ್ತು. ಥ್ಯಾಂಕ್ಸ್ ಮೇಷ್ಟ್ರೆ. ಇದನ್ನ ಯಾರೂ ವೀಡಿಯೊದಲ್ಲಿ ಹೇಳಲ್ಲ.

ಕಾಫಿ_ಗಿಡ
ಸವೆಸೋದರ ಬಗ್ಗೆ ಒಂದು ಮಾತು, ಯಾಕಂದ್ರೆ ಎಲ್ಲರೂ ಇಲ್ಲೇ ತಪ್ಪು ಮಾಡೋದು. ಬೀರು ಬಾಗಿಲಿನ ನಟ್ಟನಡುವೆ ಉಪ್ಪು ಕಾಗದ ಹಾಕಿ ಉಜ್ಜಿಬಿಡ್ತಾರೆ, ಬೆಕ್ಕು ಪರಚಿದ ಹಾಗೆ ಕಾಣುತ್ತೆ. ನಿಮ್ಮ ಹಳೇ ಮನೆಯ ಬಾಗಿಲು ನೆನಪು ಮಾಡ್ಕೊಳ್ಳಿ. ಬಣ್ಣ ಎಲ್ಲಿ ಹೋಗಿತ್ತು? ಚಿಲಕದ ಸುತ್ತ. ಕೈ ಇಟ್ಟು ತಳ್ಳೋ ಎತ್ತರದಲ್ಲಿ. ಹೊಸ್ತಿಲ ಹತ್ತಿರ, ನೆಲ ಒರೆಸೋ ಬಟ್ಟೆ ತಾಗೋ ಕಡೆ. ಅಲ್ಲಿ ಮಾತ್ರ ಸವೆಸಿ.

ಸುಲಭದ ದಾರಿ ಮೇಣದ ಬತ್ತಿ. ಮೊದಲ ಬಣ್ಣ ಒಣಗಿದ ಮೇಲೆ ಆ ಜಾಗಕ್ಕೆ ಮೇಣದ ಬತ್ತಿ ಉಜ್ಜಿ, ಮೇಲೆ ಬಿಳಿ ಹಚ್ಚಿ. ಒಣಗಿದ ಮೇಲೆ 220 ನಂಬರಿನ ಕಾಗದದಲ್ಲಿ ಸುಮ್ನೆ ಸವರಿದರೆ ಮೇಣ ಇದ್ದ ಕಡೆ ಬಣ್ಣ ತಾನಾಗೇ ಬಿಟ್ಕೊಡುತ್ತೆ.

ನಾನು ಹೀಗೆ ಎರಡು ಭಾನುವಾರ ಕೂತು ಒಂದು ಟೀಪಾಯ್ ಮಾಡಿದೆ. ಕೊಡಗಿಗೆ ಹೋಗಿ ಬರೋಷ್ಟರಲ್ಲಿ ನಮ್ಮ ಮಾವನವರು ಪೇಂಟರ್ ಕರೆಸಿ, "ಪಾಪ ಅರ್ಧಂಬರ್ಧ ಮಾಡಿಟ್ಟಿದಾಳೆ" ಅಂತ, ಅದಕ್ಕೆ ಪಳಪಳ ಹೊಳೆಯೋ ಐವರಿ ಎನಾಮೆಲ್ ಹೊಡೆಸಿದ್ದರು. ದುಡ್ಡು ಅವರೇ ಕೊಟ್ಟಿದ್ದರು. ಬೈಯೋಕೂ ಆಗಲಿಲ್ಲ.

ಸುಮ್ನೆ_ಓದುಗ
ನಿಮ್ಮ ಮಾವನವರ ಫ್ಯಾನ್ ಆದೆ ನಾನು.

ನ್ಯೂಜೆರ್ಸಿ_ಬಿಸಿಬೇಳೆ
ನನ್ನ ಪ್ರಶ್ನೆ ಬೇರೆ. ಈ ಬಿಳಿ ಬಿಳಿ ನಮ್ಮೂರಿಗೆ ಯಾಕೆ? ಇಲ್ಲಿ ಡಿಸೆಂಬರಲ್ಲಿ ನಾಲ್ಕೂವರೆಗೆ ಕತ್ತಲು. ಸ್ವೀಡನ್ ಕಡೆ ಇನ್ನೂ ಕಷ್ಟ, ಅದಕ್ಕೇ ಅವರು ಹದಿನೆಂಟನೇ ಶತಮಾನದಿಂದಲೂ ಪೀಠೋಪಕರಣಕ್ಕೆ ಬಿಳಿ, ಬೂದು ಹಚ್ಚಿಕೊಂಡು ಬಂದರು. ಇರೋ ಚೂರು ಬೆಳಕು ಕೋಣೆ ತುಂಬಲಿ ಅಂತ. ಅವರು ಹಚ್ಚಿದ್ದು ಹೆಚ್ಚಾಗಿ ಪೈನ್ ಥರದ ಸಾದಾ ಮರಕ್ಕೆ. ನಮ್ಮಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಕೆಂಪು ಕಾವಿ ನೆಲ, ಕಪ್ಪು ಮರ, ತಂಪು. ಅಜ್ಜಿ ಮನೆ ಹಾಗಿದ್ದಿದ್ದು ಸುಮ್ನೆ ಅಲ್ಲ.

ಜಯನಗರದ_ಜಾಜಿ
ಅಜ್ಜಿ ಮನೇಲಿ ಬಿಸಿಲಿತ್ತು ಸ್ವಾಮಿ. ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಲೈಟ್ ಹಾಕ್ತೀವಿ, ಎದುರಿಗೆ ಇನ್ನೊಂದು ಟವರ್. ನಾವೂ ಸ್ವೀಡನ್‌ನಲ್ಲೇ ಇದೀವಿ ಅಂದ್ಕೊಳ್ಳಿ.

ನ್ಯೂಜೆರ್ಸಿ_ಬಿಸಿಬೇಳೆ
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕಡಲೂರಿನವಳು
ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ ಬನ್ನಿ ಹಳೇಬೀರು. ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. ನೋಡಿ ಬಂದ್ಮೇಲೂ ಬೀಟೆಗೆ ಬಣ್ಣ ಹಚ್ಚೋ ಧೈರ್ಯ ಇದ್ರೆ ಹಚ್ಚಿ.

ಹಳೇಬೀರು
ಅಪ್‌ಡೇಟ್. ಅಮ್ಮ ಬಂದಿದ್ದರು. ಕಲೆ ಬಿದ್ದ ಮೂಲೆ ತೋರಿಸಿದೆ, ಬೈದರು. ಆಮೇಲೆ ಪಕ್ಕದ ಹಲಗೆ ಹಲಸು ಅಂತ ತೋರಿಸಿದೆ. ಹತ್ತು ನಿಮಿಷ ಮಾತಿಲ್ಲ. ಅಜ್ಜಿ ಮದುವೆ ಹೊತ್ತಿನಲ್ಲಿ ಮಾಡಿಸಿದ್ದಂತೆ, "ಪೂರ್ತಿ ಬೀಟೆ" ಅಂತ ಇಡೀ ಊರಿಗೆ ಹೇಳಿಕೊಂಡು ಬಂದಿದ್ದರಂತೆ. ಅಮ್ಮ ತಕ್ಷಣ ದೊಡ್ಡಮ್ಮನಿಗೆ ಫೋನ್ ಮಾಡಿದರು. ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತಂತೆ! ಪಾಲು ಮಾಡುವಾಗ ಅದಕ್ಕೇ ಅವರು ಬೀರು ಬಿಟ್ಟು ಮಂಚ ತಗೊಂಡಿದ್ದು. ಈಗ ಜಗಳ ಬಣ್ಣದ ಮೇಲಲ್ಲ, ಮಂಚದ ಮೇಲೆ.

ಕೊನೆಗೆ ಆದದ್ದು ಇಷ್ಟು. ಬಾಗಿಲು, ಚೌಕಟ್ಟು ಮುಟ್ಟಲ್ಲ. ಆ ಮೂಲೆ ಕೆರೆದು ಚಪಡ ಹಚ್ಚಿದೆ, ಸುಮಾರಾಗಿ ಸರಿಹೋಯ್ತು. ಒಳಗಿನ ಹಲಗೆಗಳಿಗೆ ಮಾತ್ರ ಮಾಸಲು ನೀಲಿ ಬಳಿದೆ, ಅಮ್ಮನೇ ಒಂದು ಕೋಟ್ ಹಚ್ಚಿದರು. ಬಾಗಿಲು ತೆಗೆದಾಗ ಮಾತ್ರ ಕಾಣುತ್ತೆ. ಸಂಡೇ ಬಜಾರಿಂದ ಎರಡು ಕುರ್ಚಿ ತಂದಿದೀನಿ (ಕಾಲು ಕುಟ್ಟಿ ನೋಡಿದೆ!), ನನ್ನ ಬಿಳಿ ಹುಚ್ಚು ಅವುಗಳ ಮೇಲೆ. ಟೀ ಪೆಟ್ಟಿಗೆಯ ತಳ ಹಾಗೇ ಇದೆ.

ಉಳಿ_ಸುತ್ತಿಗೆ
ಒಳಗೆ ಬಳಿದ ಬಣ್ಣ ಪೂರ್ತಿ ಒಣಗೋವರೆಗೆ ಬಾಗಿಲು ಮುಚ್ಚಬೇಡಿ ಮೇಡಂ, ಅಂಟ್ಕೊಳ್ಳುತ್ತೆ. ಒಂದು ವಾರ ತೆಗೆದೇ ಇಡಿ.

ಹಳೇಬೀರು
ನಿನ್ನೆ ರಾತ್ರಿ ಮುಚ್ಚಿಬಿಟ್ಟೆ.

ಉಳಿ_ಸುತ್ತಿಗೆ
ಎಳೀಬೇಡಿ. ಬಾಗಿಲ ಸಂದಿಯಲ್ಲಿ ತೆಳ್ಳನೆ ಬ್ಲೇಡು ಹಾಕಿ ಮೇಲಿಂದ ಕೆಳಗೆ ನಿಧಾನಕ್ಕೆ ಜಾರಿಸಿ. ಬಂದ ಮೇಲೆ ಅಂಚಿಗೆ ಸ್ವಲ್ಪ ಮೇಣದ ಬತ್ತಿ ಉಜ್ಜಿ.

ಧಾರವಾಡ_ಪೇಡೆ
ಮಂಚದ ಜಗಳ ಏನಾತು ಹೇಳ್ರಿ ಮೊದಲ.